ಗಂಗವ್ವನ ಮೊಣಕೈ ಮತ್ತು ನಮ್ಮ ಗೆರೆ

ಮೂವತ್ತೆಂಟನೆಯ ವಯಸ್ಸಿಗೆ ನಿವೃತ್ತಳಾದೆ ಎಂದರೆ ನಮ್ಮ ರಾಯಬಾಗದಲ್ಲಿ ಯಾರೂ ಒಪ್ಪುವುದಿಲ್ಲ. "ಕೆಲಸ ಹೋತು ಅನ್ನು, ನಿವೃತ್ತಿ ಗಿವೃತ್ತಿ ಅನ್ನಬ್ಯಾಡ" ಎಂದು ನಮ್ಮ ಅತ್ತೆ ತಿದ್ದುತ್ತಾರೆ. ನನ್ನ ವಾದ ಸರಳವಾಗಿದೆ. ಒಂದು ಕಸುಬು ಇತ್ತು. ಹತ್ತಾರು ವರ್ಷ ಅದನ್ನೇ ಮಾಡಿದೆ. ಅದನ್ನು ನಡೆಸುತ್ತಿದ್ದ ಯೋಜನೆ ಮುಗಿಯಿತು, ನಾನು ಬೇರೆ ಊರಿಗೆ ಹೋಗಿ ಮುಂದುವರಿಸಲಿಲ್ಲ. ಈಗ ಶಾಲೆಯ ಹುಡುಗಿಯರಿಗೆ ಚರ್ಚಾಸ್ಪರ್ಧೆಯ ತಯಾರಿ ಮಾಡಿಸುತ್ತೇನೆ. ಇದಕ್ಕೆ ನಿವೃತ್ತಿಗಿಂತ ಒಳ್ಳೆಯ ಶಬ್ದವಿದ್ದರೆ ಎದುರು ಪಕ್ಷದವರು ಮುಂದಿಡಲಿ.

ಹಾಗೆ ತಯಾರಾದ ಇಬ್ಬರು ಹುಡುಗಿಯರು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ನಾನು ಬಿಟ್ಟಂಥ ಕೆಲಸಕ್ಕೇ ಬೇರೆ ಊರಿಗೆ ಹೊರಟಿದ್ದಾರೆ. "ಅಲ್ಲಿ ಏನ್ ಮಾಡ್ತಿದ್ರಿ ಅಕ್ಕಾ?" ಎಂದು ಕೇಳಿದರು. ಗಾಯ ಮಾಯುವುದಕ್ಕೆ ಸಮೀಕರಣ ಬರೆಯುತ್ತಿದ್ದೆ ಎಂದೆ. ಒಬ್ಬಳು ಮತ್ತೊಬ್ಬಳ ಮುಖ ನೋಡಿದಳು. ಗಾಯ ತಾನಾಗಿಯೇ ಮಾಯುತ್ತದಲ್ಲ, ಸಮೀಕರಣ ಯಾಕೆ ಎಂಬ ಪ್ರಶ್ನೆ ಅವರ ಮುಖದ ಮೇಲಿತ್ತು. ಕೇಳಬೇಕಾದ ಪ್ರಶ್ನೆಯೇ ಅದು. ನಾನೂ ಮೊದಲ ದಿನ ಅದನ್ನೇ ಕೇಳಿದ್ದೆ, ಸ್ವಲ್ಪ ದೊಡ್ಡ ದನಿಯಲ್ಲಿ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಚರ್ಮವೆಂದರೆ ಒಂದೇ ಬಟ್ಟೆಯಲ್ಲ. ಮೇಲೊಂದು ತೆಳುವಾದ ಪದರ, ಕೆಳಗೊಂದು ದಪ್ಪ ಪದರ. ನಮ್ಮ ಅಜ್ಜಿ ಹೊಲಿಯುತ್ತಿದ್ದ ಕೌದಿಯ ಹಾಗೆ ಎನ್ನಿ. ಗಾಯವಾದಾಗ ಎರಡೂ ಪದರ ಹರಿಯುತ್ತವೆ, ಆದರೆ ಎರಡೂ ಒಂದೇ ರೀತಿ ಕೂಡಿಕೊಳ್ಳುವುದಿಲ್ಲ. ಮೇಲಿನದು ಅಂಚಿನಿಂದ ತೆವಳುತ್ತ ಬಂದು ಮುಚ್ಚುತ್ತದೆ. ಕೆಳಗಿನದು ತನ್ನನ್ನು ತಾನೇ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ ಎರಡೂ ಒಂದರ ಮಾತು ಒಂದು ಕೇಳುತ್ತಿರುತ್ತವೆ. ಮೇಲಿನದು ಬೇಗ ಮುಚ್ಚಿದರೆ ಕೆಳಗಿನದು ಎಳೆಯುವುದನ್ನು ಕಡಿಮೆ ಮಾಡುತ್ತದೆ, ಮೇಲಿನದು ತಡಮಾಡಿದರೆ ಕೆಳಗಿನದು ಎಳೆದೇ ಎಳೆಯುತ್ತದೆ. ಅತ್ತೆ ಸೊಸೆ ಇರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಇನ್ನೂ ವಿವರಿಸಬೇಕಾಗಿಲ್ಲ. ಈ ಎರಡರ ವ್ಯವಹಾರವನ್ನು ಗಣಿತದಲ್ಲಿ ಬರೆದು, ಯಾವ ಗಾಯ ಯಾವಾಗ ಹೇಗೆ ಮಾಯುತ್ತದೆಂದು ಮೊದಲೇ ಹೇಳುವುದು ನಮ್ಮ ಕೆಲಸ. ಹೇಳುವುದು ಸುಲಭ, ಸರಿಯಾಗಿ ಹೇಳುವುದು ಬೇರೆ.

ನಮ್ಮ ಮೇಲಧಿಕಾರಿ ಮಗದುಮ್ ಸರ್. ಚಿಕ್ಕೋಡಿಯ ಕಾಲೇಜೊಂದರಲ್ಲಿ ಗಣಿತದ ಪ್ರಾಧ್ಯಾಪಕರು. ನಾನು ಓದುತ್ತಿದ್ದಾಗ ಒಂದು ಚರ್ಚಾಸ್ಪರ್ಧೆಗೆ ಅವರು ನಿರ್ಣಾಯಕರಾಗಿ ಬಂದಿದ್ದರು. ನನಗೆ ಎರಡನೆಯ ಬಹುಮಾನ ಕೊಟ್ಟರು. ಮೊದಲನೆಯದು ಯಾಕಿಲ್ಲ ಎಂದು ವೇದಿಕೆಯ ಹಿಂದೆ ಹೋಗಿ ಕೇಳಿದೆ. "ನೀ ಎದುರಾಳಿ ಬಿಟ್ಟು ನನ್ನ ಜೋಡಿ ವಾದಾ ಮಾಡಾಕತ್ತಿದ್ದಿ" ಎಂದರು. ಕೆಲವು ವರ್ಷಗಳ ಮೇಲೆ ಯೋಜನೆಗೆ ಜನ ಬೇಕಾದಾಗ ಅವರೇ ಹೇಳಿ ಕಳಿಸಿದರು. "ನನಗ ಹೌದ್ರಿ ಸರ್ ಅನ್ನಾವ್ರು ಬಾಳ ಮಂದಿ ಆಗ್ಯಾರ. ಇಲ್ಲ ಅನ್ನಾಕ ಒಬ್ಬಾಕಿ ಬೇಕಾಗಿತ್ತು." ಈ ಮಾತಿಗೆ ಅವರು ವಾರದೊಳಗೆ ಪಶ್ಚಾತ್ತಾಪ ಪಟ್ಟರು, ಆದರೆ ಆದೇಶದ ಮೇಲೆ ಸಹಿ ಆಗಿಹೋಗಿತ್ತು.

ಸರ್ ಅವರ ಮೊದಲ ಮಾದರಿಯಲ್ಲಿ ಪದರಗಳೇ ಇರಲಿಲ್ಲ. ಅವರ ಮನೆ ಕೃಷ್ಣೆಯ ದಡಕ್ಕೆ, ಅಥಣಿಯ ಕಡೆ. ಜಗತ್ತಿನಲ್ಲಿ ಏನೇ ಹಬ್ಬಲಿ, ಅವರಿಗೆ ಅದು ಕಬ್ಬಿಗೆ ಬಿಟ್ಟ ನೀರಿನಂತೆ ಕಾಣುತ್ತಿತ್ತು. ಹಲಗೆಯ ಮೇಲೆ ಒಂದು ದುಂಡು ಬರೆದು, "ಇದು ಗಾಯ. ಸುತ್ತಲಿಂದ ಹೊಸ ಚರ್ಮ ಹೊಲಕ್ಕ ನೀರು ಬಂದಂಗ ಬರತೈತಿ. ತುಂಬತೈತಿ. ಮುಗೀತು" ಎಂದರು.

"ನೀರು ಬದು ಎಳೀತೈತೇನ್ರಿ ಸರ್?" ಎಂದೆ.

"ಅಂದ್ರ?"

"ಗಾಯ ಮಾಯೂ ಮುಂದ ಸುತ್ತಲ ಚರ್ಮನೂ ಒಳಗ ಬರತೈತಿ. ಹೊಲಕ್ಕ ನೀರು ಬಿಟ್ರ ನಾಕೂ ಬದು ನಡಕೋತ ಒಳಗ ಬಂದದ್ದ ನೀವು ಎಲ್ಲಿ ನೋಡೀರಿ?"

ಸರ್ ಚಾಕ್ಪೀಸು ಕೆಳಗಿಟ್ಟರು. ಚಹಾ ತರಿಸಿದರು. ಅವರು ಚಹಾ ತರಿಸಿದರೆ ನನ್ನ ಆಕ್ಷೇಪ ಒಪ್ಪಿಗೆಯಾಗಿದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂದರ್ಥ. ಹೀಗೆ ನಮ್ಮ ಮಾದರಿಗೆ ಎರಡನೆಯ ಪದರ ಬಂತು. ಬಂತು ಎಂದರೆ ಹಲಗೆಯ ಮೇಲೆ ಬಂತು. ಕಂಪ್ಯೂಟರಿನಲ್ಲಿ ಬಹಳ ದಿನ ಬರಲಿಲ್ಲ, ಏಕೆಂದರೆ ನೀರಿನ ಮಾದರಿ ಒಂದು ಮಧ್ಯಾಹ್ನದಲ್ಲಿ ಉತ್ತರ ಕೊಡುತ್ತಿತ್ತು. ಎರಡು ಪದರದ್ದು ದಿನಗಟ್ಟಲೆ ಓಡಬೇಕು, ಓಡುವಾಗ ಕರೆಂಟು ಹೋಗುತ್ತಿತ್ತು. ಆ ವರ್ಷಗಳಲ್ಲಿ ಚಿಕ್ಕೋಡಿಯ ಕರೆಂಟಿಗೆ ನಮ್ಮ ವಿಜ್ಞಾನದ ಮೇಲೆ ಏನೂ ಗೌರವವಿರಲಿಲ್ಲ. ಬ್ಯಾಟರಿ ಚೀರುವ ಸದ್ದು ಕೇಳಿದರೆ ಸರ್ ಕುರ್ಚಿಯಿಂದ ಏಳುವ ವೇಗ ನೋಡಬೇಕು. ಅದಕ್ಕೂ ಒಂದು ಸಮೀಕರಣ ಬರೆಯಬಹುದಿತ್ತು.

ಗಾಯ ಅಳೆಯುವ ಕ್ರಮವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಮೊದಲು ನಿಪ್ಪಾಣಿಯ ಆಸ್ಪತ್ರೆಗೆ ಹೋಗಿ ಗಾಯದ ಮೇಲೆ ಪಾರದರ್ಶಕ ಹಾಳೆ ಹಿಡಿದು, ಪೆನ್ನಿನಿಂದ ಅಂಚು ಬರೆದುಕೊಳ್ಳುತ್ತಿದ್ದೆವು. ಆ ಹಾಳೆಯನ್ನು ಚೌಕುಳಿ ಕಾಗದದ ಮೇಲಿಟ್ಟು ಮನೆ ಎಣಿಸುವುದು. ರೋಗಿ ಕಾಲು ಅಲುಗಿಸಿದರೆ ಗಾಯಕ್ಕೊಂದು ಬಾಲ ಮೂಡುತ್ತಿತ್ತು. ಆಮೇಲೆ ಕ್ಯಾಮೆರಾ ಬಂತು, ಆಮೇಲೆ ಮೊಬೈಲು. ಸರ್ ಒಂದು ಪ್ರೋಗ್ರಾಮು ಬರೆದರು. ಅದು ಫೋಟೋದಲ್ಲಿ ಚರ್ಮದ ಬಣ್ಣವಲ್ಲದ್ದನ್ನೆಲ್ಲ ಗಾಯವೆಂದು ಗುರುತಿಸಿ ವಿಸ್ತೀರ್ಣ ಹೇಳುತ್ತಿತ್ತು. ಬಹಳ ಜಾಣ ಪ್ರೋಗ್ರಾಮು. ಅದರ ಜಾಣತನ ಎಷ್ಟೆಂದು ಕಾಗವಾಡದ ಒಬ್ಬ ರೈತನಿಂದ ತಿಳಿಯಿತು.

ಆತ ಕಬ್ಬು ಕಡಿಯುವಾಗ ಕೊಯ್ತಾ ತಾಗಿಸಿಕೊಂಡಿದ್ದ. ಮೊಣಕಾಲ ಕೆಳಗೆ ಗಾಯ, ಚೆನ್ನಾಗಿಯೇ ಮಾಯುತ್ತಿತ್ತು. ಒಂದು ಸೋಮವಾರ ಫೋಟೋ ಹಾಕಿದರೆ ಪ್ರೋಗ್ರಾಮು ಗಾಯ ಹಲವು ಪಟ್ಟು ದೊಡ್ಡದಾಗಿದೆ ಎಂದಿತು. ಸರ್ ಗಂಭೀರರಾದರು. ಎರಡು ಪದರಗಳ ನಡುವೆ ಯಾವುದೋ ಅಲೆ ಎದ್ದು ಗಾಯವನ್ನು ಮತ್ತೆ ತೆರೆದಿರಬೇಕು ಎಂದು ಹಲಗೆ ತುಂಬ ಬರೆದರು. ಸಮೀಕರಣಕ್ಕೊಂದು ಹೊಸ ಪದ ಸೇರಿತು. ಅದಕ್ಕೆ ಗ್ರೀಕ್ ಅಕ್ಷರವನ್ನೂ ಆರಿಸಿದರು. ನನಗೆ ನಂಬಿಕೆ ಬರಲಿಲ್ಲ. ಕಾಗವಾಡಕ್ಕೆ ಫೋನು ಹಚ್ಚಿದೆ.

"ಕಾಲು ಹ್ಯಾಂಗೈತ್ರಿ ಕಾಕಾ?"

"ಆರಾಮ ಐತಿ ನೋಡವ್ವ. ರವಿವಾರ ಮಂಗಸೂಳಿಗೆ ಹೋಗಿ ಬಂದ್ವಿ. ಮಲ್ಲಯ್ಯನ ಭಂಡಾರ ಹಚ್ಚೇನಿ, ಪೂರಾ ಕಾಲಿಗೆ."

ಭಂಡಾರವೆಂದರೆ ಆ ಗುಡಿಯ ಅರಿಸಿಣ ಪುಡಿ. ನಮ್ಮ ಜಾಣ ಪ್ರೋಗ್ರಾಮು ಆ ಹಳದಿಯನ್ನೆಲ್ಲ ಗಾಯವೆಂದು ಎಣಿಸಿತ್ತು. ವಿಷಯ ತಿಳಿಸಿದಾಗ ಸರ್ ನಿಧಾನವಾಗಿ ಹಲಗೆ ಒರೆಸಿದರು. ಗ್ರೀಕ್ ಅಕ್ಷರವನ್ನು ಮಾತ್ರ ಮೂಲೆಯಲ್ಲಿ ಹಾಗೇ ಉಳಿಸಿ, "ಮುಂದ ಯಾವಾಗರೆ ಉಪಯೋಗ ಆಗತೈತಿ" ಎಂದರು. ಚಹಾ ಬಂತು.

ಕೆಲಸಕ್ಕೆ ಸೇರುವವರಿಗೆ ನಗುವ ಇಂಥ ಪ್ರಸಂಗಗಳು ಬೇಕಾದಷ್ಟು ಸಿಗುತ್ತವೆ. ಆದರೆ ನಾನು ಹೇಳಬೇಕೆಂದು ಕೂತದ್ದು ಗಂಗವ್ವನ ವಿಷಯ.

ಗಂಗವ್ವ ಕಬ್ಬೂರದಿಂದ ಬಂದು ಚಿಕ್ಕೋಡಿಯ ಬಸ್‌ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಕಾಲೇಜಿನ ಅರ್ಧ ಮಂದಿ ಅಲ್ಲೇ ಉಣ್ಣುತ್ತಿದ್ದೆವು. ಕೈಯಿಂದ ತಟ್ಟಿದ ಜೋಳದ ರೊಟ್ಟಿ, ಬೇಳೆ, ಹಿಂಡಿ ಪಲ್ಲೆ. ಎದುರಿಗೆ ಬೇರೆ ಖಾನಾವಳಿಗಳಿದ್ದರೂ ಜನ ಇಲ್ಲಿಗೆ ಬರುತ್ತಿದ್ದುದು ರೊಟ್ಟಿಗಾಗಿ, ರೊಟ್ಟಿ ಇದ್ದದ್ದು ಗಂಗವ್ವನ ಬಲಗೈಯಲ್ಲಿ. ಒಂದು ದಿನ ಕುದಿಯುವ ಬೇಳೆಯ ಪಾತ್ರೆ ಇಳಿಸುವಾಗ ವಾಲಿತು. ಬೇಳೆ ಬಲಗೈ ಮೇಲೆ ಹರಿದು ಮೊಣಕೈಯ ಒಳಮಡಿಕೆಯಲ್ಲಿ ನಿಂತಿತು. ಬೇಳೆ ನೀರಿನಂತಲ್ಲ, ಅಂಟಿಕೊಳ್ಳುತ್ತದೆ.

ನಿಪ್ಪಾಣಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಶಿಂದೆ ಮೇಡಂ. ನಮಗೆ ಗಾಯ ಅಳೆಯಲು ಬಿಡುತ್ತಿದ್ದವರು ಅವರೇ. ಕನ್ನಡದಲ್ಲಿ ಶುರು ಮಾಡಿ ಸಿಟ್ಟು ಬಂದರೆ ಮರಾಠಿಗೆ ಹೋಗುತ್ತಿದ್ದರು. ಅವರಿಗೆ ಮೊದಲ ವಾರವೇ ಖಾತ್ರಿಯಾಗಿತ್ತು: ಸುಟ್ಟದ್ದು ಆಳವಾಗಿದೆ, ಜಾಗ ಕೀಲಿನ ಮೇಲಿದೆ. ತೊಡೆಯಿಂದ ತೆಳು ಚರ್ಮ ತೆಗೆದು ಮೊಣಕೈಗೆ ಹಚ್ಚಬೇಕು, ಆಮೇಲೆ ಕೈ ಮಡಚದಂತೆ ಪ್ಲಾಸ್ಟರ್ ಪಟ್ಟಿ ಕಟ್ಟಿ ಬಹಳ ದಿನ ನೆಟ್ಟಗೆ ಇಡಬೇಕು. ಇಲ್ಲದಿದ್ದರೆ ಮಾಯುತ್ತ ಮಾಯುತ್ತ ಕೈ ಮಡಚಿಕೊಂಡು ಅಲ್ಲೇ ನಿಲ್ಲುತ್ತದೆ.

ಗಂಗವ್ವ ಒಪ್ಪಲಿಲ್ಲ. ಕಾರಣ ಅವಳಿಗೆ ಸ್ಪಷ್ಟವಿತ್ತು. ಕೈ ನೆಟ್ಟಗೆ ಕಟ್ಟಿಕೊಂಡು ರೊಟ್ಟಿ ತಟ್ಟಲಾಗುವುದಿಲ್ಲ. ಒಮ್ಮೆ ಎದುರಿನ ಖಾನಾವಳಿಯ ರುಚಿ ಹತ್ತಿದ ಜನ ತಿರುಗಿ ಬರುವುದಿಲ್ಲ. ಅದಕ್ಕಿಂತ ತಾನಾಗಿ ಮಾಯಲಿ. ಈ ವಾದಕ್ಕೆ ಅವಳಿಗೆ ಒಂದು ದೊಡ್ಡ ಆಧಾರವೂ ಸಿಕ್ಕಿತ್ತು. ಆ ಆಧಾರ ನಾವು.

ನಡೆದದ್ದು ಹೀಗೆ. ಗಾಯದ ವಿಸ್ತೀರ್ಣ ವಾರ ವಾರಕ್ಕೆ ಇಳಿಯುತ್ತಿತ್ತು. ನೀರಿನ ಮಾದರಿಯಿಂದ ಸರ್ ಮೊದಲೇ ಎಳೆದಿಟ್ಟ ಗೆರೆಯೂ ಅದರ ಜೊತೆಗೇ ಇಳಿಯುತ್ತಿತ್ತು. ನಮ್ಮ ಮಾದರಿ ಇಷ್ಟು ಚಂದ ಹೊಂದಿಕೆಯಾದದ್ದು ಅದೇ ಮೊದಲು. ಸರ್ ಖುಷಿಯಲ್ಲಿ ಆ ಗೆರೆಯನ್ನು ದೊಡ್ಡ ಕಾಗದದ ಮೇಲೆ ಮುದ್ರಿಸಿ, ಊಟಕ್ಕೆ ಹೋದಾಗ ಗಂಗವ್ವನಿಗೇ ತೋರಿಸಿದರು. "ನೋಡವಾ, ಇಲ್ಲಿ ಬಂದು ಗೆರಿ ನೆಲಕ್ಕ ಮುಟ್ಟತೈತಿ. ಅಂದ್ರ ಗಾಯ ಮುಚ್ಚತೈತಿ." ಗಂಗವ್ವ ಕಾಗದ ಇಸಿದುಕೊಂಡು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದಳು. ಶಿಂದೆ ಮೇಡಂ ಆಪರೇಷನ್ ಮಾತು ಎತ್ತಿದಾಗಲೆಲ್ಲ, "ಕಾಲೇಜಿನ ಸರ್ ಗೆರಿ ಕೊರದು ಕೊಟ್ಟಾರ್ರಿ, ತಾನ ಮುಚ್ಚತೈತಂತ" ಎನ್ನುತ್ತಿದ್ದಳು.

ಮೇಡಂ ಫೋನಿನಲ್ಲಿ ಮರಾಠಿಯಿಂದಲೇ ಶುರು ಮಾಡಿದರು. ತಾತ್ಪರ್ಯ ಇಷ್ಟು: ನಿಮ್ಮ ಗೆರೆ ನನ್ನ ಪೇಷಂಟಿನ ಕೈ ತಿನ್ನುತ್ತಿದೆ, ಇನ್ನು ಸ್ವಲ್ಪ ದಿನ ಕಳೆದರೆ ನಾನೂ ಏನೂ ಮಾಡಲಾರೆ. ಸರ್ ಅವಮಾನಿತರಾದರು. "ಗೆರಿ ಇಳಿಯಾಕತ್ತಿದ್ದು ಸುಳ್ಳೇನು?" ಎಂದು ನನ್ನನ್ನು ಕೇಳಿದರು. ಸುಳ್ಳಲ್ಲ. ವಿಸ್ತೀರ್ಣ ನಿಜವಾಗಿಯೂ ಇಳಿಯುತ್ತಿತ್ತು. ಚರ್ಚೆಯಲ್ಲಿ ಸುಳ್ಳಿಗೆ ಉತ್ತರ ಕೊಡುವುದು ಸುಲಭ. ಬೇರೆ ಯಾವುದೋ ಪ್ರಶ್ನೆಗೆ ಕೊಟ್ಟ ಸತ್ಯವಾದ ಉತ್ತರವನ್ನು ಎದುರಿಸುವುದು ಕಷ್ಟ.

ಮರುದಿನ ನಾನು ಫೋಟೋ ತೆಗೆಯಲು ಖಾನಾವಳಿಗೆ ಹೋದೆ. ಗಂಗವ್ವ ಎಡಗೈಯಿಂದ ತಾಟು ಹಂಚುತ್ತಿದ್ದಳು. ಅವಳ ನೆಗೆಣ್ಣಿ, ಮೈದುನನ ಹೆಂಡತಿ ಕಮಲವ್ವ ರೊಟ್ಟಿ ತಟ್ಟುತ್ತಿದ್ದಳು, ಪ್ರತಿ ರೊಟ್ಟಿಗೂ ಗಂಗವ್ವನಿಂದ ಒಂದು ಬೈಗುಳ ಬೀಳುತ್ತಿತ್ತು. ಗಂಗವ್ವ ಗಾಯಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಕೈ ಮುಂದೆ ಚಾಚಿದಳು. ಚಾಚಿದಳು ಎಂದು ಬರೆಯುವುದು ತಪ್ಪು. ಕೈ ಅರ್ಧಕ್ಕೇ ನಿಂತಿತು.

"ಎಲ್ಲಾ ಸರಿ ಐತಿ ತಂಗಿ, ಆದರ ನನ್ನ ತುಳಸಿಕಟ್ಟಿ ಸೊಟ್ಟ ಆಗೈತಿ ನೋಡ" ಎಂದಳು.

ಅವಳ ಮುಂಗೈ ಮೇಲೆ ಹುಡುಗಿಯಾಗಿದ್ದಾಗ ಹಾಕಿಸಿದ ಹಚ್ಚೆ ಇತ್ತು, ತುಳಸಿಕಟ್ಟೆಯ ಚಿತ್ರ. ನಮ್ಮ ಕಡೆ ಆ ವಯಸ್ಸಿನ ಹೆಂಗಸರಿಗೆಲ್ಲ ಏನಾದರೊಂದು ಇರುತ್ತದೆ.

"ಸೊಟ್ಟ ಮೊದಲ ಇತ್ತೇನೋ ಮಾವಶಿ" ಎಂದೆ.

"ಏ, ಹಾಕಿದಾಕಿ ಕೈ ನೆಟ್ಟಗಿತ್ತು ಬೇ. ನಿಮ್ಮ ಆಸ್ಪತ್ರಿ ಮುಲಾಮ ಆಗಿಲ್ಲ ಅದಕ್ಕ. ಕಟ್ಟಿ ಕರಗಾಕತ್ತೈತಿ."

ಮುಲಾಮಿಗೆ ಹಚ್ಚೆ ಕರಗುವುದಿಲ್ಲ ಎಂದು ವಾದಿಸುತ್ತಲೇ ಫೋಟೋ ತೆಗೆದೆ. ಕಾಲೇಜಿಗೆ ಬಂದು, ಅವಳ ಮಾತು ತಪ್ಪೆಂದು ತೋರಿಸಲೆಂದೇ ಹಳೆಯ ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟೆ. ಅವಳ ಕಾರಣ ತಪ್ಪು, ದೂರು ಸರಿ. ಮೊದಲ ಫೋಟೋದಲ್ಲಿ ತುಳಸಿಕಟ್ಟೆಯ ಮೇಲಂಚು ನೆಟ್ಟಗಿತ್ತು, ಗಾಯದಿಂದ ದೂರವಿತ್ತು. ಈಗಿನದರಲ್ಲಿ ಗಾಯದ ಕಡೆಗೆ ಯಾರೋ ಹಗ್ಗ ಹಾಕಿ ಜಗ್ಗಿದಂತೆ ಉದ್ದವಾಗಿ ವಾಲಿತ್ತು.

ಹಚ್ಚೆಯ ಮಸಿ ಕೂತಿರುವುದು ಕೆಳಗಿನ ಪದರದಲ್ಲಿ. ಮೇಲಿನ ಪದರ ಸವೆದು ಹೊಸದಾಗುತ್ತಲೇ ಇರುತ್ತದೆ, ಹಚ್ಚೆ ಅಲ್ಲಿದ್ದರೆ ಮುದಿತನದವರೆಗೆ ಉಳಿಯುತ್ತಿರಲಿಲ್ಲ. ಅಂದರೆ ತುಳಸಿಕಟ್ಟೆ ನಡೆದಿದೆ ಎಂದರೆ ಕೆಳಗಿನ ಪದರ ನಡೆದಿದೆ. ಗಾಯ ಚಿಕ್ಕದಾಗುತ್ತಿದ್ದುದು ಮೇಲೆ ಹೊಸ ಚರ್ಮ ಬೆಳೆದು ಅಲ್ಲ, ಕೆಳಗಿನದು ಮೊಣಕೈಯನ್ನೇ ಮುದುಡಿ ಎಳೆದುಕೊಳ್ಳುತ್ತಿದ್ದುದರಿಂದ. ಹರಿದ ಚೀಲದ ಬಾಯಿಗೆ ತೇಪೆ ಹಚ್ಚಿದರೂ ಮುಚ್ಚುತ್ತದೆ, ದಾರ ಎಳೆದು ಬಿಗಿದರೂ ಮುಚ್ಚುತ್ತದೆ. ನಮ್ಮ ಗೆರೆ ಬಾಯಿ ಎಷ್ಟು ಮುಚ್ಚಿತೆಂದು ಮಾತ್ರ ಅಳೆಯುತ್ತಿತ್ತು.

ಸರ್ ಮುಂದೆ ಫೋಟೋ ಹರಡಿದೆ. ವಾದಕ್ಕೆ ಸಿದ್ಧಳಾಗಿ ಬಂದಿದ್ದೆ, ಅವರು ಏನೆನ್ನಬಹುದು, ನಾನೇನೆನ್ನಬೇಕು ಎಲ್ಲ ಸಾಲಾಗಿತ್ತು. ಸರ್ ಒಂದೊಂದು ಫೋಟೋದ ಮೇಲೂ ಬೆರಳಿಟ್ಟು ತುಳಸಿಕಟ್ಟೆಯಿಂದ ಗಾಯದ ಅಂಚಿನವರೆಗೆ ಅಳೆದರು.

"ಬದು ನಡದೈತಿ" ಎಂದರು.

ಚಹಾ ತರಿಸಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡರು. "ನಡಿ ಶೈಲಾ, ಆಕಿಗೆ ಹೇಳೂಣು."

ಹೇಳುವುದು ನಾವಂದುಕೊಂಡಷ್ಟು ಸುಲಭವಾಗಲಿಲ್ಲ. ಕಾಲೇಜಿನ ದಿನಗಳಲ್ಲಿ ಒಂದೇ ವಿಷಯದ ಪರವಾಗಿ ಬೆಳಿಗ್ಗೆ, ವಿರೋಧವಾಗಿ ಮಧ್ಯಾಹ್ನ ಮಾತಾಡಿ ಎರಡಕ್ಕೂ ಬಹುಮಾನ ತಂದವಳು ನಾನು. ನನ್ನ ಪಕ್ಷದ ಗೆರೆಯನ್ನು ನಾನೇ ಮುರಿಯುವುದು ಏನು ಮಹಾ ಎಂದುಕೊಂಡಿದ್ದೆ. ಊಟದ ಹೊತ್ತು ಮುಗಿದಿತ್ತು. ಗಂಗವ್ವ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಪದರಗಳಿಂದ ಶುರು ಮಾಡಿದೆ, ಕೌದಿಗೆ ಬಂದೆ, ಹಚ್ಚೆಗೆ ಬಂದೆ, ಚೀಲದ ದಾರಕ್ಕೆ ಬಂದೆ. ಅವಳು ಪೂರ್ತಿ ಕೇಳಿದಳು.

"ಅಂದ್ರ ಮೊನ್ನಿ ಮುಚ್ಚತೈತಿ ಅಂದ್ರಿ. ಇವತ್ತ ಎಳೀತೈತಿ ಅಂತೀರಿ. ನಾಳೆ ಏನ್ ಅನ್ನಾವ್ರು?"

"ಎರಡೂ ಖರೇನ ಮಾವಶಿ. ಎಳದು ಮುಚ್ಚಾಕತ್ತೈತಿ."

"ಮುಚ್ಚತೈತಿಲ್ಲೊ?"

"ಮುಚ್ಚತೈತಿ, ಆದರ..."

"ಆತಲ್ಲ ಮತ್ತ. ಆದರ ಅನ್ನಾವ್ರ ಮಾತು ನಾ ಕೇಳೂದಿಲ್ಲ. ನಮ್ಮ ಮನಿಯವ್ರೂ ಹಂಗ, ಒಳ್ಳೇ ಮಾತಿಗೆಲ್ಲ ಒಂದು ಆದರ ಹಚ್ಚತಿದ್ರು."

ಕಮಲವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು. ನಾನು ಮತ್ತೊಂದು ವಾದ ತೆಗೆಯುತ್ತಿದ್ದೆ. ಸರ್ ನನ್ನನ್ನು ಸುಮ್ಮನಿರಿಸಿ ಒಳಗೆ ಹೋದರು. ಗೋಡೆಗೆ ಅಂಟಿಸಿದ್ದ ಕಾಗದವನ್ನು ಕಿತ್ತು ತಂದು ಗಂಗವ್ವನ ಎದುರಿಗೆ ನೆಲದ ಮೇಲೇ ಕೂತರು. ಪ್ರಾಧ್ಯಾಪಕರು ಹಾಗೆ ಕೂತದ್ದು ನೋಡಿ ಅವಳು ಸೆರಗು ಸರಿಮಾಡಿಕೊಂಡಳು.

"ಗಂಗವ್ವ, ಇದು ನನ್ನ ಗೆರಿ. ಗಾಯ ಎಷ್ಟು ಸಣ್ಣ ಆತು ಅಂತ ನಾ ಇದಕ್ಕ ಕೇಳಿದೆ, ಇದು ಹೇಳಿತು. ಕೈ ಏನಾಗತೈತಿ ಅಂತ ನಾ ಕೇಳೇ ಇಲ್ಲ."

"ಯಾಕ ಕೇಳಲಿಲ್ರಿ?"

"ಗೆರಿ ಚಂದ ಬಂದಿತ್ತು" ಎಂದರು ಸರ್.

ಗಂಗವ್ವ ಅವರನ್ನೇ ನೋಡಿದಳು. ಆಮೇಲೆ ಕಾಗದ ನೋಡಿದಳು. ಆಮೇಲೆ ತನ್ನ ಕೈ. ನೆಟ್ಟಗೆ ಮಾಡಲು ಹೋದಳು, ಅದು ಅರ್ಧಕ್ಕೆ ನಿಂತಿತು. ನಮ್ಮ ಮುಂದೆ ಅವಳು ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲ ಸಲ. ನಮಗಿಂತ ಮೊದಲೇ ಅವಳಿಗೆ ಗೊತ್ತಿತ್ತು ಎಂದು ನನಗೆ ಆಗ ಅನಿಸಿತು. ಗೊತ್ತಿದ್ದೂ ನಮ್ಮ ಕಾಗದದ ಹಿಂದೆ ಕೂತಿದ್ದಳು.

"ತೊಡಿ ತೊಗಲು ತಂದು ಹಚ್ಚಿದ್ರ ಜಗ್ಗೂದು ನಿಲ್ಲತೈತೇನ್ರಿ?"

"ಪೂರಾ ನಿಲ್ಲತೈತಿ ಅಂತ ನಾ ಹೇಳಾಂಗಿಲ್ಲ" ಎಂದರು ಸರ್. "ಮ್ಯಾಲ ಲಗೂನ ಮುಚ್ಚಿದ್ರ ಕೆಳಗಿಂದು ಜಗ್ಗೂದು ಕಡಿಮಿ ಆಗತೈತಿ. ಪಟ್ಟಿ ಕಟ್ಟಿ ಇಟ್ರ ಇನ್ನೂ ಕಡಿಮಿ. ಕಟ್ಟಲಿಲ್ಲಂದ್ರ ಏನಾಗತೈತಿ ಅಂತ ಮಾತ್ರ ನನಗ ಈಗ ಖಾತ್ರಿ ಐತಿ."

"ಮತ್ತ ರೊಟ್ಟಿ?"

ಈ ಪ್ರಶ್ನೆಗೆ ನಮ್ಮ ಮಾದರಿಯಲ್ಲಿ ಯಾವ ಅಕ್ಷರವೂ ಇರಲಿಲ್ಲ. ಉತ್ತರ ಅವಳೇ ಕಂಡುಹಿಡಿದಳು. ಕಮಲವ್ವನಿಗೆ ಕಲಿಸುತ್ತೇನೆ, ಆದರೆ ಒಬ್ಬಳ ಕೈ ಸಾಲುವುದಿಲ್ಲ, "ಬಾಳ ಮಾತಾಡೂ ಈ ನಿಮ್ಮ ಹುಡುಗಿನ್ನ ಮುಂಜಾನೆ ಕಳಸ್ರಿ." ಸರ್ ನನ್ನನ್ನು ಕೇಳದೆ ಒಪ್ಪಿಕೊಂಡರು. ಮೇಲಧಿಕಾರಿಗಳ ಬಗ್ಗೆ ಹೊಸಬರು ತಿಳಿದಿರಬೇಕಾದ ಸಂಗತಿ ಇದು: ತಾವು ಮಾಡಿದ ತಪ್ಪನ್ನು ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುತ್ತಾರೆ, ಹಿಟ್ಟು ನಾದುವುದು ನೀವು.

ಶಿಂದೆ ಮೇಡಂ ತಡಮಾಡಲಿಲ್ಲ. ಆಪರೇಷನ್ ಆಯಿತು. ಹಚ್ಚಿದ ಚರ್ಮ ಹಿಡಿಯಿತು. ಬಲಗೈಯನ್ನು ಪಟ್ಟಿ ಕಟ್ಟಿ ನೆಟ್ಟಗೆ ನಿಲ್ಲಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಗಂಗವ್ವ ಖಾನಾವಳಿಯ ನಡುವೆ ಕುರ್ಚಿ ಹಾಕಿ ಕೂತು, ಆ ಚಾಚಿದ ಕೈಯಿಂದಲೇ ಆಜ್ಞೆ ಕೊಡುತ್ತಿದ್ದಳು. ನಿಪ್ಪಾಣಿ ನಾಕಾದಲ್ಲಿ ಲಾರಿ ತಡೆಯುವ ಪೊಲೀಸಿನವರ ಹಾಗೆ ಕಾಣುತ್ತಿತ್ತು. ಉಣ್ಣಲು ಬಂದವರು ಕೈ ಅಡ್ಡ ಬಂತೆಂದು ಬಗ್ಗಿ ದಾಟುತ್ತಿದ್ದರು.

ನಾನು ಮುಂಜಾನೆ ಹೋಗಿ ರೊಟ್ಟಿ ತಟ್ಟುತ್ತಿದ್ದೆ. ಎರಡು ಪದರ ಹೇಗೆ ಒಂದನ್ನೊಂದು ಎಳೆಯುತ್ತವೆಂದು ಸಮೀಕರಣ ಬರೆಯಬಲ್ಲೆ, ಒಂದು ಪದರದ ಹಿಟ್ಟನ್ನು ದುಂಡಗೆ ಮಾಡಲು ಬರಲಿಲ್ಲ.

"ಇದೇನವಾ ಇದು" ಎಂದು ಗಂಗವ್ವ ನನ್ನ ಮೊದಲ ರೊಟ್ಟಿಯನ್ನು ಎಡಗೈಯಿಂದ ಎತ್ತಿ ಎಲ್ಲರಿಗೂ ತೋರಿಸಿದಳು. "ನಮ್ಮ ತಾಲೂಕಿನ ಗಡಿ ಆದಂಗ ಆಗೈತಿ. ಎಲ್ಲಿ ಶುರು, ಎಲ್ಲಿ ಮುಗಸು, ಎರಡೂ ಸರಕಾರಕ್ಕ ಗೊತ್ತಿಲ್ಲ."

"ರುಚಿ ನೋಡ್ರಿ ಮಾವಶಿ, ಆಕಾರದ ಮ್ಯಾಲ ತೀರ್ಪು ಕೊಡಬ್ಯಾಡ್ರಿ" ಎಂದೆ.

"ರುಚಿ ನೋಡಾಕ ಮೊದಲ ಅದು ಹರೀಬೇಕಲ್ಲ."

ಈ ಅವಧಿಯಲ್ಲಿ ನಮ್ಮ ಕೆಲಸದ ಕ್ರಮ ಬದಲಾಯಿತು. ಅಂದಿನಿಂದ ಪ್ರತಿ ಗಾಯದ ಸುತ್ತ, ಒಳ್ಳೆಯ ಚರ್ಮದ ಮೇಲೆ, ಮಚ್ಚೆಯೋ ಹಳೆಯ ಕಲೆಯೋ ಇದ್ದಲ್ಲಿ ಗುರುತು ಮಾಡಿಕೊಳ್ಳತೊಡಗಿದೆವು. ಗಾಯದ ಬಾಯಿ ಎಷ್ಟು ಕಿರಿದಾಯಿತು ಎಂಬುದರ ಜೊತೆಗೆ ಆ ಗುರುತುಗಳು ಎಷ್ಟು ನಡೆದವು ಎಂದೂ ಅಳೆಯುವುದು. ಮೊದಲನೆಯದು ಎರಡೂ ಪದರದ ಲೆಕ್ಕ, ಎರಡನೆಯದು ಕೆಳಗಿನದರ ಲೆಕ್ಕ. ಎರಡನ್ನೂ ಕೂಡಿಸಿಕೊಂಡ ಮೇಲೆ ಮಾದರಿ ಮೊದಲಿನಷ್ಟು ಚಂದದ ಗೆರೆ ಕೊಡಲಿಲ್ಲ. ಅಂಕುಡೊಂಕು ಬರುತ್ತಿತ್ತು. ನಮಗೆ ಅದರ ಮೇಲೆ ಹೆಚ್ಚು ನಂಬಿಕೆ ಬಂತು.

ಸರ್ ಅವರಿಗಂತೂ ಹಚ್ಚೆಯ ಹುಚ್ಚು ಹಿಡಿಯಿತು. ಹಚ್ಚೆ ಇರುವ ಹೆಂಗಸರು ಆಸ್ಪತ್ರೆಗೆ ಬಂದರೆ ಅವರ ಮುಖ ಅರಳುತ್ತಿತ್ತು, ಕೈ ಸುಟ್ಟುಕೊಂಡವರ ಮುಂದೆ ಅಷ್ಟು ಅರಳಬಾರದೆಂದು ನಾನು ಎಚ್ಚರಿಸಬೇಕಾಗುತ್ತಿತ್ತು. ರಾಯಬಾಗದ ಕಡೆಯ ಒಬ್ಬ ಮುದುಕಿಯ ಕೈ ಮೇಲೆ ಅಕ್ಷರಗಳಿದ್ದವು, ಗಾಯಕ್ಕೆ ಅರ್ಧ ಮುಚ್ಚಿಹೋಗಿದ್ದವು. ಮೊದಲು ಎಷ್ಟು ಅಕ್ಷರವಿತ್ತೆಂದು ತಿಳಿಯದೆ ಅಳತೆ ಮಾಡುವುದು ಹೇಗೆ?

"ಅಮ್ಮಾ, ಇಲ್ಲಿ ಏನ್ ಬರದೈತಿ?" ಎಂದರು ಸರ್.

ಮುದುಕಿ ನಕ್ಕು ತಲೆ ತಗ್ಗಿಸಿದಳು.

"ಹೇಳಬೇಕವಾ, ಔಷಧದ ಸಲುವಾಗಿ."

"ಹ್ಯಾಂಗ ಹೇಳಲಿ ಯಪ್ಪಾ."

ಸರ್ ಮತ್ತೆ ಮತ್ತೆ ಕೇಳಿದರು. ಗಂಡನ ಹೆಸರಿರಬೇಕು, ಆಕೆ ಆ ಹೆಸರನ್ನು ಬಾಯಿಂದ ಆಡುವವಳಲ್ಲ ಎಂದು ನಾನು ಕಿವಿಯಲ್ಲಿ ಹೇಳಬೇಕಾಯಿತು. ಕೊನೆಗೆ ಹೊರಗೆ ಬೀಡಿ ಸೇದುತ್ತಿದ್ದ ಮುದುಕನನ್ನೇ ಕರೆದು ನಿಲ್ಲಿಸಿ, ಅವನಿಂದ ಅವನ ಹೆಸರು ಕೇಳಿ ಬರೆದುಕೊಂಡೆವು. ಮುದುಕ ಬಹಳ ಬಿಗುಮಾನದಿಂದ ಅಡ್ಡ ಹೆಸರಿನ ಸಮೇತ ಹೇಳಿದ.

ಇಷ್ಟರ ನಡುವೆ ನನ್ನ ಮನಸ್ಸು ಗಂಗವ್ವನ ಕೈ ಮೇಲೆಯೇ ಇತ್ತು. ಹೊಸ ಮಾದರಿ ಅವಳ ಕೈ ಬಹುಪಾಲು ನೆಟ್ಟಗಾಗುತ್ತದೆ ಎನ್ನುತ್ತಿತ್ತು. ಆದರೆ ಮಾದರಿಯ ಮಾತು ಕೇಳಿ ಒಮ್ಮೆ ಕೆಟ್ಟಿದ್ದೆವು. ಪಟ್ಟಿಯನ್ನು ಹಗಲು ಬಿಚ್ಚಿ, ಮಲಗುವಾಗ ಮಾತ್ರ ಕಟ್ಟುವ ದಿನ ಬಂತು. ಆಮೇಲೆ ಅದನ್ನೂ ಬಿಡುವ ದಿನ. ಬೇಗ ಕೊಯ್ದಿದ್ದರೆ ಚೆನ್ನಾಗಿತ್ತು, ಈಗ ಎಷ್ಟು ಬರುತ್ತದೋ ನೋಡೋಣ ಎಂದು ಶಿಂದೆ ಮೇಡಂ ಮೊದಲೇ ಹೇಳಿಟ್ಟಿದ್ದರು. ಆ ನಡುವೆ ಕಳೆದ ದಿನಗಳು ಯಾರ ಕಾಗದದಿಂದ ಕಳೆದವೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ದಿನ ನಿಪ್ಪಾಣಿಯ ಆಸ್ಪತ್ರೆಯ ಕೋಣೆಯಲ್ಲಿ ಮೇಜಿನ ಆ ಬದಿಗೆ ಗಂಗವ್ವ, ಈ ಬದಿಗೆ ನಾನು. ಸರ್ ಪಕ್ಕದಲ್ಲಿ ಕೋನ ಅಳೆಯುವ ಪಟ್ಟಿ ಹಿಡಿದು ನಿಂತಿದ್ದರು. ಮೇಡಂ ಕೈಗೆ ಸುತ್ತಿದ್ದ ಕೊನೆಯ ಬಟ್ಟೆ ಬಿಚ್ಚಿದರು. ಮೊಣಕೈಯ ಒಳಗೆ ಬೇರೆ ಬಣ್ಣದ ಚರ್ಮ, ನಯವಾಗಿ ಹೊಳೆಯುತ್ತಿತ್ತು. ಗಂಗವ್ವ ಕೈಯನ್ನು ತೊಡೆಯ ಮೇಲೆ ಮಡಚಿ ಇಟ್ಟುಕೊಂಡೇ ಕೂತಳು. ಅದನ್ನು ಚಾಚು ಎಂದು ಹೇಳಲು ನಮಗೆ ಯಾರಿಗೂ ಬಾಯಿ ಬರಲಿಲ್ಲ.

ಅದರ ಬದಲು ಸರ್ ಅಳತೆಪಟ್ಟಿಯ ಮಧ್ಯದ ಮೊಳೆ ಎಲ್ಲಿಗೆ ಬರಬೇಕೆಂದು ವಿವರಿಸತೊಡಗಿದರು. ಮೊಣಕೈಯ ಎಲುಬು ಹೊರಗೆ ಉಬ್ಬಿರುವ ಗುಬ್ಬಿಯ ಮೇಲೆ ಎಂದರು. ಅಲ್ಲಿಟ್ಟರೆ ಕೈ ಇರುವುದಕ್ಕಿಂತ ನೆಟ್ಟಗೆ ಕಂಡು ಅಳತೆ ನಮ್ಮ ಪರವಾಗಿ ಬರುತ್ತದೆ, ಒಂಚೂರು ಒಳಗೆ ಇಡಬೇಕು ಎಂದೆ ನಾನು.

"ನಮ್ಮ ಪರ ಅಂದ್ರ ಏನು? ಇದು ಅಳತಿ" ಎಂದರು ಸರ್.

"ಹೋದ ಸಲನೂ ಅಳತೀನ ಇತ್ತಲ್ರಿ."

"ಅದು ಬ್ಯಾರೆ ಮಾತು."

"ಹ್ಯಾಂಗ ಬ್ಯಾರೆ? ಮೊದಲು ಏನ್ ಅಳೀಬೇಕು ಅಂತ ಒಪ್ಪಿಕೊಳ್ಳದ..."

ಮೇಡಂ ಮರಾಠಿಯಲ್ಲಿ ಏನೋ ಅಂದರು. ನಾನು ಎರಡನೆಯ ಆಕ್ಷೇಪಕ್ಕೆ ಬಂದಿದ್ದೆ, ಮೂರನೆಯದೂ ಸಿದ್ಧವಿತ್ತು. ಅಷ್ಟರಲ್ಲಿ ಮೇಜಿನ ಆಚೆಯಿಂದ ಒಂದು ಅಂಗೈ ಬಂದು ನನ್ನ ಬಾಯಿ ಮುಚ್ಚಿತು.

"ಸಾಕು ಬೇ ತಂಗಿ" ಎಂದಳು ಗಂಗವ್ವ.

ಅವಳು ಕುರ್ಚಿಯಿಂದ ಎದ್ದಿರಲಿಲ್ಲ. ಮುಂದೆ ಬಾಗಿಯೂ ಇರಲಿಲ್ಲ. ಬಲಗೈ ಭುಜದಿಂದ ಹೊರಟು ಮೇಜಿನ ಅಗಲವನ್ನೆಲ್ಲ ದಾಟಿ ನನ್ನ ತುಟಿಯವರೆಗೆ ಬಂದಿತ್ತು. ಮೊಣಕೈಯಲ್ಲಿ ಒಂದು ಸಣ್ಣ ಬಾಗು ಉಳಿದಿತ್ತು, ಅದು ಈಗಲೂ ಉಳಿದಿದೆ. ಮೇಡಂ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಸರ್ ಪಟ್ಟಿಯನ್ನು ಎತ್ತಿ ಅವಳ ಮೊಣಕೈಗೆ ಹಿಡಿದರು, ಹೊರಗಣ ಗುಬ್ಬಿಯ ಮೇಲೆಯೇ ಹಿಡಿದರು. ನನಗೆ ಆಕ್ಷೇಪವಿತ್ತು.

"ಆಕಿ ಮಾತಾಡೂದರಾಗ ಲಗೂನ ಅಳಕೊಳ್ರಿ ಸರ್" ಎಂದಳು ಗಂಗವ್ವ, ಕೈ ತೆಗೆಯದೆ.